ಎಲ್ಲರಿಗೂ ಒಂದೇ ಕೋಟು

ಕಂತು ೯

“ಮುಖ ಬಿಡು, ಕೋಟು ನೋಡು,” ಅಂದೆ.

ಕೇಕಿನ ಹುಡುಗಿ ಕ್ರೀಮು ತುಂಬಿದ ಚೀಲವನ್ನು ಮೇಜಿನ ಮೇಲಿಟ್ಟು, ನೀಲಿ ಬಣ್ಣ ಹತ್ತಿದ ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಂಡು ನನ್ನ ಫೋನಿನ ಮೇಲೆ ಬಗ್ಗಿದಳು. ತನ್ನ ಕೇಕಿನ ಪೇಜು ದೊಡ್ಡದಾಗಿ ಕಾಣಲಿ ಎಂದು ಅವಳು ದುಡ್ಡು ಕೊಟ್ಟು ಕೊಂಡಿದ್ದ ಸುಳ್ಳು ಫಾಲೋವರ್‌ಗಳ ನಡುವೆ, ಚಳಿಗಾಲದಲ್ಲಿ ಕೆಲಸ ಹುಡುಕಿಕೊಂಡು ಹೋಗಿ ಕಾಣೆಯಾದ ಅವಳ ಅಕ್ಕನ ಮುಖ ಹೋದ ವಾರ ನಮಗೆ ಸಿಕ್ಕಿತ್ತು.

ಸಿಕ್ಕ ಮೇಲೆ ನಾವು ಮಾಡಿದ್ದೇನು? ಬರೀ ಮುಖಗಳನ್ನು ತಿರುವಿ ಹಾಕಿದ್ದು. ಗುರುತಿನ ಮುಖ ಇನ್ನೊಂದು ಸಿಗಬಹುದೇನೋ ಎಂದು ಕಣ್ಣು ಕೆಂಪಾಗುವವರೆಗೂ ನೋಡಿದ್ದು. ಇಷ್ಟು ವರ್ಷ ಮದುವೆ ಗಂಡುಗಳ ಹಿಂದುಮುಂದು ವಿಚಾರಿಸಿ ಹೊಟ್ಟೆ ಹೊರೆದವಳು ನಾನು. ಮುಖ ನೋಡಿ ಮೋಸಹೋಗಬೇಡಿ ಎಂದು ಹೆಣ್ಣು ಹೆತ್ತವರಿಗೆಲ್ಲ ಬುದ್ಧಿ ಹೇಳಿದವಳು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

“ಕರೀ ಕೋಟು,” ಅಂದಳು ಕೇಕಿನ ಹುಡುಗಿ. “ಅಕ್ಕನ ಹತ್ರ ಕೋಟೇ ಇರ್ಲಿಲ್ಲ ಮೇಡಮ್.”

“ಅದೇ ನಾನೂ ಹೇಳ್ತಿರೋದು. ಈಗ ಈ ಮೀಸೆಯವನನ್ನ ನೋಡು. ಈ ದಪ್ಪ ಹುಡುಗಿಯನ್ನ ನೋಡು. ಈ ಬೋಳುತಲೆ.”

ಒಂದೊಂದೇ ಮುಖವನ್ನು ಬೆರಳಿನಿಂದ ಮೇಲಕ್ಕೆ ಸರಿಸಿದೆ. ಮೀಸೆಯವನ ಭುಜದ ಮೇಲೆ ಕೋಟು ಜೋಲಾಡುತ್ತಿತ್ತು. ದಪ್ಪ ಹುಡುಗಿಗೆ ಅದು ಉಸಿರು ಕಟ್ಟುವಂತಿತ್ತು. ಎಲ್ಲರದ್ದರಲ್ಲೂ ಎಡಗಡೆಯ ಕಾಲರಿನ ತುದಿ ಒಂದೇ ರೀತಿ ಮಡಚಿಕೊಂಡಿತ್ತು. ಹಿಂದಿದ್ದ ನೀಲಿ ಪರದೆಯೂ ಒಂದೇ.

“ಎಲ್ಲರಿಗೂ ಒಂದೇ ಕೋಟು ಕಣೆ. ಪಾಸ್‌ಪೋರ್ಟ್ ಫೋಟೋ ತೆಗೆಯೋ ಸ್ಟುಡಿಯೋದಲ್ಲಿ ಮೊಳೆಗೆ ನೇತುಹಾಕಿರ್ತಾರಲ್ಲ, ಆ ಕೋಟು. ನಿಮ್ಮಕ್ಕ ಈ ಫೋಟೋ ಎಲ್ಲಿ ತೆಗೆಸಿದ್ಲು?”

“ನಂಗೇನು ಗೊತ್ತು ಮೇಡಮ್? ಫೋಟೋ ತೆಗೆಸಿದ್ದೇ ಗೊತ್ತಿಲ್ಲ. ಬ್ಯಾಗು ಹಿಡ್ಕೊಂಡು ಮನೆ ಬಾಗಿಲು ದಾಟಿದ್ದೇ ಕೊನೆ, ಆಮೇಲೆ ನಾನವಳನ್ನ ನೋಡಿಲ್ಲ.”

ಹೇಳುತ್ತಾ ಅವಳ ಕಣ್ಣು ತುಂಬಿಕೊಂಡಿತು. ಒರೆಸಿಕೊಳ್ಳಲು ಏಪ್ರನ್ನಿನ ತುದಿ ಎತ್ತಿದಾಗ ಕುತ್ತಿಗೆಯ ಹತ್ತಿರ ಅದರ ಗುಂಡಿ ಕಳಚಿತು. ನಾನೇ ಹಾಕಿಕೊಟ್ಟೆ. ಗುಂಡಿಯ ಮೇಲೆ ದಪ್ಪ ಬಿಳಿ ದಾರದ ಗಂಟು ಕಡಲೆಕಾಳಿನ ಹಾಗೆ ಎದ್ದು ನಿಂತಿತ್ತು.

“ಯಾರೇ ನಿಂಗೆ ಹೊಲಿಗೆ ಕಲಿಸಿದ್ದು? ಗಂಟು ಒಳಗಡೆ ಬರಬೇಕು,” ಎಂದು ಗದರಿಸಿದೆ, ಅವಳು ಸ್ವಲ್ಪ ನಗಲಿ ಎಂದು.

“ಯಾರೂ ಕಲಿಸಿಲ್ಲ. ಅಮ್ಮ ಹೋದಾಗ ನಾನಿನ್ನೂ ಚಿಕ್ಕೋಳು. ನೋಡ್ಕೊಂಡು ನೋಡ್ಕೊಂಡು ನಾನೇ ಕಲ್ತಿದ್ದು.” ನಕ್ಕಳು ಕೂಡ. ಪಾಪ ಅನಿಸಿತು ನನಗೆ.

ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ ನಮ್ಮ ಅತ್ತೆ ಕೂತಿದ್ದರು. ನನ್ನ ಗಂಡನನ್ನು ಹೆತ್ತ ತಾಯಿ, ಈ ಕೇಸನ್ನು ನನ್ನ ಕೊರಳಿಗೆ ಕಟ್ಟಿದವರೂ ಅವರೇ. ಆ ಪೇಜಿಗೆ ಸಾವಿರಗಟ್ಟಲೆ ಫಾಲೋವರ್‌ಗಳಿದ್ದರೂ ಜೀವವಿರುವ ಫಾಲೋವರ್ ಅಂದರೆ ಬಹುಶಃ ಅತ್ತೆ ಒಬ್ಬರೇ. ಮಿಕ್ಕವರು ಪ್ರತಿ ಕೇಕಿನ ಕೆಳಗೂ ‘ಸೂಪರ್ ಅಕ್ಕ’ ಎಂದು ಬರೆದು, ಆಮೇಲೆ ಸತ್ತವರಂತೆ ಬಿದ್ದಿರುತ್ತಿದ್ದರು. ಅತ್ತೆ ಮಾತ್ರ ‘ಮಗಳೇ’ ಎಂದು ಶುರುಮಾಡಿ, ಸಕ್ಕರೆ ಕಮ್ಮಿ ಹಾಕು, ತಿಂದವರ ಹಲ್ಲು ಏನಾಗಬೇಕು, ಈ ನೀಲಿ ಬಣ್ಣ ಹೊಟ್ಟೆಗೆ ಒಳ್ಳೆಯದಾ ಎಂದು ಮಾರುದ್ದ ಬರೆಯುತ್ತಿದ್ದರು.

ಹೀಗೆ ಅವರು ಬರೆಯುತ್ತಾ ಕೂತಿದ್ದ ಒಂದು ಮಧ್ಯಾಹ್ನವೇ ಯಾವುದೋ ಖಾತೆಯಿಂದ ಎರಡೇ ಎರಡು ಪದದ ಕಾಮೆಂಟು ಬಂದು ಬಿದ್ದಿತ್ತು: ‘ಗುಂಡಿ ನೋಡು.’ ಅತ್ತೆ ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡುವಷ್ಟರಲ್ಲಿ ಅದು ಮಾಯ. ಹೆದರಿ ನಾನೇ ಅಳಿಸಿದೆ ಎಂದು ಕೇಕಿನ ಹುಡುಗಿ ಆಮೇಲೆ ಒಪ್ಪಿಕೊಂಡಳು. ಅಕ್ಕನನ್ನು ಯಾರೋ ಗುಂಡಿ ತೋಡಿ ಹೂತಿದ್ದಾರೆ ಎಂದು ಅವಳು ಅತ್ತ ಅಳುವಿಗೆ ಪೊಲೀಸರು ಹಿಂದಿನ ರಸ್ತೆಯ ಅರ್ಧ ಕಟ್ಟಿದ ಕಟ್ಟಡದ ಗುಂಡಿಗಳನ್ನೆಲ್ಲ ಅಗೆಸಿದರು. ಸಿಕ್ಕಿದ್ದು ಒಂದು ಹರಿದ ಚಪ್ಪಲಿ, ಒಂದಷ್ಟು ಸಿಮೆಂಟಿನ ಚೀಲ. ಆ ಕಾಮೆಂಟು ಬರೆದ ಖಾತೆ ಯಾವುದೆಂದು ಹುಡುಕುತ್ತಾ ಹೋಗಿಯೇ ನಾವು ಅಕ್ಕನ ಮುಖಕ್ಕೆ ಬಂದು ಮುಟ್ಟಿದ್ದು.

“ಇಲ್ಲೊಂದು ಚೋದ್ಯ ನೋಡಿ ಅತ್ತೆ,” ಎಂದು ಫೋನನ್ನು ಅವರ ಮುಂದೆ ಹಿಡಿದೆ. “ಇವನ ಕೋಟಿನ ಗುಂಡಿ ಎಲ್ಲಾ ಕಪ್ಪು. ಇವಳದರಲ್ಲಿ ಮೇಲಿನದೊಂದು ಕಂದು. ಇವರಕ್ಕನದರಲ್ಲೂ ಮೇಲಿಂದು ಕಂದು ಗುಂಡಿ. ಎರಡು ಕೋಟು ಇತ್ತೋ, ಇಲ್ಲಾ ಒಂದೇ ಕೋಟಿನ ಗುಂಡಿ...”

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

“ಅಯ್ಯೋ ನನ್ನ ಕರ್ಮವೇ,” ಅಂದರು ಅತ್ತೆ ಮೆಲ್ಲಗೆ. “ಗುಂಡಿ ನೋಡು ಅಂದಿದ್ದು ಅಂಗಿ ಗುಂಡಿ ಕಣೇ. ನೆಲದ ಗುಂಡಿ ಅಲ್ಲ.”

ಹಿಂದೆ ಏನೋ ಠಣ್ ಎಂದು ಬಿತ್ತು. ಕೇಕಿನ ಹುಡುಗಿಯ ಕೈಯಿಂದ ಕ್ರೀಮು ಸವರುವ ಚಪ್ಪಟೆ ಚಾಕು ಜಾರಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು. ಅಕ್ಕ ಬದುಕಿರಬಹುದು ಎಂಬ ಆಸೆಗೆ ಹೀಗಾಯಿತು ಎಂದುಕೊಂಡೆ ನಾನು.

“ಅವಳೇ ಬರೆದಿದ್ದು ಅಂತೀರಾ?” ಎಂದು ಕೇಳಿದಳು.

“ಹೆಣ ಕಾಮೆಂಟು ಬರೆಯಲ್ಲ. ಬರೆದೋಳು ನಿಮ್ಮಕ್ಕನೇ ಆದ್ರೆ ಎಲ್ಲೋ ಜೀವಂತ ಇದ್ದಾಳೆ, ಬಾಯಿಬಿಟ್ಟು ಹೇಳೋಕಾಗದಂಥ ಜಾಗದಲ್ಲಿ ಇದ್ದಾಳೆ. ನಾನು ಆ ಸ್ಟುಡಿಯೋ ಹುಡುಕ್ತೀನಿ.”

“ನಾನೊಬ್ಬಳೇ ಇರಲ್ಲ ಮೇಡಮ್. ನಂಗೆ ಭಯ ಆಗುತ್ತೆ.”

“ಅತ್ತೆ ಇರ್ತಾರೆ ಬಿಡು. ಅತ್ತೆ, ಇವಳನ್ನ ಒಬ್ಬಳನ್ನೇ ಬಿಟ್ಟು ಎದ್ದು ಬರಬೇಡಿ.”

“ನಾನ್ಯಾಕೆ ಬರ್ಲಿ? ಇವಳು ಸಕ್ಕರೆ ಎಷ್ಟು ಸುರಿತಾಳೆ ಅಂತ ಇವತ್ತು ಕಣ್ಣಾರೆ ನೋಡೇ ಬರೋದು,” ಎಂದು ಅತ್ತೆ ಸ್ಟೂಲಿನ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತರು.

ಮೊದಲನೆಯ ಸ್ಟುಡಿಯೋದಲ್ಲಿದ್ದ ಕೋಟು ಬೂದು ಬಣ್ಣದ್ದು. ಎರಡನೆಯದರಲ್ಲಿ ಕೋಟೇ ಇಲ್ಲ, ಕಂಪ್ಯೂಟರಿನಲ್ಲಿ ತೊಡಿಸುತ್ತೇವೆ ಎಂದರು. ಮೂರನೆಯದು ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿತ್ತು, ಬೀಗದ ಕೈ ಮಾಡುವವನ ಅಂಗಡಿಯ ಪಕ್ಕ. ಗಾಜಿನ ಬಾಗಿಲು ತಳ್ಳಿದಾಗ ಮೇಲೆ ಕಟ್ಟಿದ್ದ ಗಂಟೆ ಅಲ್ಲಾಡಿತು.

ಒಳಗೆ ಬಿಳಿ ಕೊಡೆಯಂಥ ಎರಡು ದೀಪಗಳು, ನಡುವೆ ಸುತ್ತುವ ಸ್ಟೂಲು, ಹಿಂದೆ ನೀಲಿ ಪರದೆ. ಕನ್ನಡಿಗೆ ದಾರದಿಂದ ಕಟ್ಟಿದ ಬಾಚಣಿಗೆ. ಕನ್ನಡಿಯ ಪಕ್ಕ ಮೊಳೆಗೆ ಆ ಕೋಟು ತೂಗುತ್ತಿತ್ತು, ಮಡಚಿದ ಕಾಲರಿನ ಸಮೇತ.

“ಪಾಸ್‌ಪೋರ್ಟ್ ಸೈಜಾ?” ಎಂದ ಸ್ಟುಡಿಯೋದವನು. ಬಡಕಲು ಆಸಾಮಿ, ಮಾತಾಡುವಾಗ ನನ್ನ ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತಿದ್ದ.

“ಹೌದು. ಕೆಲಸದ ಅರ್ಜಿಗೆ. ಕೋಟು ಹಾಕ್ಕೋಬಹುದಾ?”

“ಈ ವಯಸ್ಸಲ್ಲಿ ಕೆಲಸಾನಾ ಮೇಡಮ್?”

“ಯಾಕೆ, ಹೊಟ್ಟೆ ರಿಟೈರ್ ಆಗುತ್ತಾ?”

ಅವನು ನಗಲಿಲ್ಲ. ಕೋಟು ತೆಗೆದುಕೊಟ್ಟ. ತೋಳು ತೂರಿಸಿದೆ. ಎಷ್ಟೋ ಜನರ ಪೌಡರು, ಎಷ್ಟೋ ಕುತ್ತಿಗೆಗಳ ಬೆವರು ಸೇರಿ ಹಳಸಿದ ವಾಸನೆ ಮೂಗಿಗೆ ಅಡರಿತು. ಮೀಸೆಯವನು, ದಪ್ಪ ಹುಡುಗಿ, ಬೋಳುತಲೆ, ಆಮೇಲೆ ಆ ಅಕ್ಕ. ಅವರೆಲ್ಲರೂ ಹೀಗೇ ತೋಳು ತೂರಿಸಿದ್ದರು.

ಮೇಲಿನ ಕಂದು ಗುಂಡಿ ಹಾಕಿಕೊಳ್ಳಲು ಹೋದೆ. ಹೆಬ್ಬೆರಳಿಗೆ ಏನೋ ಒತ್ತಿತು.

ಗಂಟು. ಗುಂಡಿಯ ಮೇಲ್ಗಡೆ, ಕಡಲೆಕಾಳಿನ ಹಾಗೆ. ದಪ್ಪ ಬಿಳಿ ದಾರ.

ಹೊಲಿಗೆ ಬಾರದವರು ಊರಲ್ಲಿ ನೂರು ಜನ ಇರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆರಳು ಮಾತ್ರ ಗಂಟಿನ ಮೇಲಿಂದ ಸರಿಯಲೊಲ್ಲದು.

“ಗದ್ದ ಸ್ವಲ್ಪ ಕೆಳಗೆ. ಉಸಿರು ಹಿಡೀರಿ.”

ದೀಪ ಫಳ್ಳೆಂದಿತು. ನಾನು ಸ್ಟೂಲಿನಿಂದ ಇಳಿಯದೆ ಫೋನು ತೆಗೆದು ಅಕ್ಕನ ಫೋಟೋವನ್ನು ಅವನ ಕಣ್ಣೆದುರು ಹಿಡಿದೆ.

“ಇವಳು ಯಾರು ಹೇಳಪ್ಪ.”

ಅವನು ನೋಡಿದ. ಕ್ಯಾಮೆರಾವನ್ನು ಎರಡು ಕೈಯಲ್ಲೂ ಎದೆಗೆ ಅವುಚಿಕೊಂಡ. ಆಮೇಲೆ ಹೋಗಿ ಬಾಗಿಲಿನ ಚಿಲಕ ಹಾಕಿ ಪರದೆ ಎಳೆದ.

ನಾನು ಧೈರ್ಯಸ್ಥೆ ಎಂದು ಮೊಹಲ್ಲಾದಲ್ಲೆಲ್ಲ ಹೆಸರು. ಆ ಚಿಲಕದ ಸದ್ದಿಗೆ ಹೆದರಿ ಸ್ಟೂಲಿನಿಂದ ಧಡಕ್ಕನೆ ಎದ್ದುಬಿಟ್ಟೆ, ಸುಳ್ಳೇಕೆ ಹೇಳಲಿ.

“ನೀವು ಪೊಲೀಸಾ?”

“ಅಲ್ಲ.”

“ಹಾಗಾದ್ರೆ ಯಾಕೆ ಬಂದ್ರಿ? ಕೋಟು ಹಾಕ್ಕೊಂಡು ಫೋಟೋನೂ ತೆಗೆಸ್ಕೊಂಡ್ರಲ್ಲ. ಯಾಕೆ ತೆಗೆಸ್ಕೊಂಡ್ರಿ?” ಅವನ ಧ್ವನಿ ನಡುಗುತ್ತಿತ್ತು. ಹೆದರಿಸಲು ಬಾಗಿಲು ಹಾಕಿದವನಲ್ಲ, ಹೆದರಿ ಹಾಕಿದವನು. ಅದು ತಿಳಿದ ಮೇಲೆ ನನ್ನ ಭಯ ಕಮ್ಮಿಯಾಗಬೇಕಿತ್ತು, ಆಗಲಿಲ್ಲ.

“ತೆಗೆಸ್ಕೊಂಡ್ರೆ ಏನಾಗುತ್ತೆ?”

“ಕ್ಯಾಮೆರಾದಿಂದ ತಾನಾಗೇ ಹೋಗಿಬಿಡುತ್ತೆ. ಹಾಗೆ ಜೋಡಿಸಿಕೊಟ್ಟು ಹೋಗಿದ್ದಾರೆ. ಇಲ್ಲಿ ದೀಪ ಬೆಳಗಿದ್ರೆ ಅಲ್ಲಿ ಫೋನಲ್ಲಿ ಫೋಟೋ ಬರುತ್ತೆ.”

“ಯಾರ ಫೋನಲ್ಲಿ?”

“ನಂಗೆ ಗೊತ್ತಿಲ್ಲ, ನನ್ನಾಣೆ. ಒಂದು ಧ್ವನಿ ಅಷ್ಟೇ ಗೊತ್ತು. ಸ್ಯಾಂಪಲ್‌ಗೆ ಹಳೇ ಫೋಟೋ ಬೇಕು ಅಂತ ಶುರುವಾಯ್ತು. ಆಮೇಲೆ ಜನಾನೇ ಕಳಿಸೋಕೆ ಶುರುಮಾಡಿದ್ರು. ಕೆಲಸ ಸಿಕ್ಕಿದೆ, ಫೋಟೋ ಬೇಕು ಅಂತ ಬರ್ತಾರೆ, ನಗನಗ್ತಾ ಕೂತ್ಕೋತಾರೆ. ನಾಳೆ ಬಂದು ಪ್ರಿಂಟ್ ತಗೋತೀವಿ ಅಂತಾರೆ.”

ಮಾತು ನಿಲ್ಲಿಸಿ ಅವನು ಮೇಜಿನ ಖಾನೆ ಎಳೆದ. ಅದು ತುಂಬಿ ಸಿಕ್ಕಿಕೊಂಡಿತ್ತು, ಎರಡು ಸಲ ಜಗ್ಗಬೇಕಾಯಿತು. ಒಳಗೆ ಸಣ್ಣ ಸಣ್ಣ ಬಿಳಿ ಲಕೋಟೆಗಳು, ಇಟ್ಟಿಗೆ ಜೋಡಿಸಿದಂತೆ. ಒಂದೂ ತೆರೆದಿರಲಿಲ್ಲ.

“ಒಬ್ಬರೂ ಬರಲ್ಲ ಮೇಡಮ್.”

ಸುಳ್ಳು ಫಾಲೋವರ್ ಅಂದರೆ ಹಿಂದೆ ಯಾರೂ ಇಲ್ಲದ ಬರೀ ಮುಖ ಎಂದೇ ನಾನು ತಿಳಿದಿದ್ದೆ. ಪೇಜು ನಡೆಸುವವರೂ ಹಾಗೇ ತಿಳಿದಿರುತ್ತಾರೆ, ನಿಷ್ಕ್ರಿಯ ಖಾತೆ ಎಂದು ಹೇಳಿ ಸುಮ್ಮನಾಗುತ್ತಾರೆ. ಆ ಲಕೋಟೆಗಳನ್ನು ನೋಡುತ್ತಾ ನಿಂತಾಗ ಗೊತ್ತಾಯಿತು, ಪ್ರತಿ ಮುಖದ ಹಿಂದೆಯೂ ಒಬ್ಬರಿದ್ದರು. ಈಗ ಅವರು ಎಲ್ಲಿದ್ದಾರೆ, ಯಾರ ಕಾವಲಿನಲ್ಲಿ ಕೂತು ‘ಸೂಪರ್ ಅಕ್ಕ’ ಎಂದು ಬರೆಯುತ್ತಿದ್ದಾರೆ?

“ಇಷ್ಟು ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯಲ್ಲ. ನೀನೂ ಒಬ್ಬ ಮನುಷ್ಯನಾ?”

ಅವನು ತನ್ನ ಫೋನು ತೆಗೆದು ತೋರಿಸಿದ. ಅವನ ಖಾತೆಗೆ ಫಾಲೋವರ್‌ಗಳು ಬೆರಳೆಣಿಕೆಯಷ್ಟು. ಎಲ್ಲಕ್ಕಿಂತ ಕೆಳಗೆ ಶಾಲೆಯ ಸಮವಸ್ತ್ರ ತೊಟ್ಟ ಒಂದು ಪುಟ್ಟ ಹುಡುಗಿ, ಎರಡು ಜಡೆ.

“ನನ್ನ ಮಗಳು. ಅವಳಿಗೆ ಫೋನೇ ಇಲ್ಲ ಮೇಡಮ್. ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಅಂತ ಒಂದು ದಿನ ಮೆಟ್ಟಿಲು ಹತ್ತಿದ್ದೆ. ಮೆಟ್ಟಿಲ ಮೇಲಿದ್ದಾಗಲೇ ಇವಳು ನನ್ನ ಫಾಲೋ ಮಾಡಿದ್ಲು. ಹಾಗೇ ವಾಪಸ್ ಬಂದೆ.”

ಬೈಯಲು ಬಾಯಿಗೆ ಬಂದದ್ದೆಲ್ಲ ನುಂಗಿಕೊಂಡೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ.

“ಸರಿ, ಈ ಗುಂಡಿ ವಿಷಯ ಹೇಳು. ಕೆಲವು ಫೋಟೋದಲ್ಲಿ ಕಪ್ಪು, ಕೆಲವದರಲ್ಲಿ ಕಂದು.”

“ಮೊದ್ಲು ಎಲ್ಲಾ ಕಪ್ಪೇ ಇತ್ತು. ಈ ಅಕ್ಕಾವ್ರು ಬಂದ ದಿನಾನೇ ಮೇಲಿನದು ಕಿತ್ತುಬಂದಿದ್ದು. ಹಾಕ್ಕೊಳ್ಳುವಾಗ ಅವರ ಕೈಯಲ್ಲೇ ಬಂತು, ಎಲ್ಲೋ ಉರುಳಿಹೋಯ್ತು. ಜೊತೆಗೆ ಬಂದಿದ್ದೋರು ಬ್ಯಾಗಿಂದ ಸೂಜಿ ದಾರ ತೆಗೆದು ಬೇರೆ ಗುಂಡಿ ಹಾಕಿಕೊಟ್ರು. ಅಕ್ಕ, ಅಲ್ಲಾಡಬೇಡ, ಚುಚ್ಚುತ್ತೆ ಅಂತ ನಗ್ತಾ ನಗ್ತಾ ಹೊಲಿದ್ರು.”

“ಜೊತೆಗೆ ಬಂದಿದ್ದೋರು ಯಾರು?”

“ತಂಗಿ.”

“ತಂಗಿ ಅಂತ ನಿಂಗೆ ಹೇಗೆ ಗೊತ್ತು? ಅಕ್ಕ ಅಂತ ಯಾರು ಯಾರನ್ನ ಬೇಕಾದ್ರೂ ಕರೀತಾರೆ.” ನನ್ನ ಧ್ವನಿ ನನಗೇ ದೂರದಿಂದ ಕೇಳಿಸಿತು. ಅಲ್ಲ ಅನ್ನಲಿ, ಬೇರೆ ಯಾರೋ ಅನ್ನಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

“ಆ ಅಕ್ಕಾವ್ರೇ ಹೇಳಿದ್ರಲ್ಲ, ನನ್ನ ತಂಗಿ, ಕೆಲಸ ಕೊಡಿಸ್ತಿರೋದು ಇವಳೇ ಅಂತ. ಹೆಮ್ಮೆಯಿಂದ ಹೇಳ್ಕೊಂಡ್ರು.” ಅವನು ನೆನಪು ಮಾಡಿಕೊಳ್ಳುವವನಂತೆ ಕೈ ಮುಂದೆ ಚಾಚಿದ. “ಹೊಲಿಯುವಾಗ ನೋಡಿದೆ, ಅವರ ಬೆರಳ ತುದಿಯೆಲ್ಲ ನೀಲಿ. ಇಡೀ ಸ್ಟುಡಿಯೋ ವೆನಿಲಾ ವಾಸನೆ.”

ನಾನು ಸ್ಟೂಲಿನ ಮೇಲೆ ಕುಸಿದೆ. ಅದು ತಾನಾಗಿ ಅರ್ಧ ಸುತ್ತು ತಿರುಗಿತು, ಕನ್ನಡಿಯಲ್ಲಿ ಕೋಟು ತೊಟ್ಟ ನನ್ನ ಮುಖ ಎದುರಾಯಿತು.

ಗುಂಡಿ ನೋಡು. ಅಕ್ಕ ಅದನ್ನು ತಂಗಿಗೆ ಬರೆದಿರಲಿಲ್ಲ. ತಂಗಿಯ ಪೇಜು ನೋಡುವ ಯಾರಿಗಾದರೂ, ಜೀವವಿರುವ ಯಾರಾದರೂ ಒಬ್ಬರಿಗೆ ಬರೆದಿದ್ದಳು. ಆ ಗುಂಡಿಯನ್ನು ಕೈಯಾರೆ ಹೊಲಿದವಳಿಗೆ ಗುಂಡಿ ಎಂದಾಗ ನೆಲದ ಗುಂಡಿ ಹೇಗೆ ನೆನಪಾಯಿತು? ನೆನಪಾಗಿರಲಿಲ್ಲ. ನಮ್ಮನ್ನು ಮಣ್ಣು ಅಗೆಯಲು ಕಳಿಸಿ, ತಾನು ಕಾಮೆಂಟು ಅಳಿಸಿ ಕೂತಿದ್ದಳು. ಚಾಕು ಕೈಯಿಂದ ಜಾರಿದ್ದು ಆಸೆಗಲ್ಲ.

ಅವಳ ಅಡುಗೆಮನೆಯಲ್ಲಿ ನಾನು ನಮ್ಮ ಅತ್ತೆಯನ್ನು ಬಿಟ್ಟು ಬಂದಿದ್ದೆ. ಒಬ್ಬಳನ್ನೇ ಬಿಟ್ಟು ಏಳಬೇಡಿ ಎಂದು ಬೇರೆ ಹೇಳಿ ಬಂದಿದ್ದೆ.

“ನನ್ನ ಫೋಟೋ ಹೋಗಿ ಎಷ್ಟೊತ್ತಾಯ್ತು?” ಎಂದು ಕೇಳಿದೆ.

“ದೀಪ ಬೆಳಗಿದ ಕೂಡ್ಲೇ ಹೋಗಿರುತ್ತೆ.”

ಅಂದರೆ ಈ ನೀಲಿ ಪರದೆಯ ಮುಂದೆ, ಈ ಕೋಟಿನಲ್ಲಿ ಕೂತಿದ್ದ ನನ್ನನ್ನು ಅವರು ಆಗಲೇ ನೋಡಿಯಾಗಿತ್ತು. ಅವಳೂ ನೋಡಿರಬೇಕು.

ಅತ್ತೆಗೆ ಫೋನು ಮಾಡಿದೆ. ರಿಂಗಾಯಿತು, ಆಗುತ್ತಲೇ ಇತ್ತು. ಫೋನನ್ನು ಕೈಯಿಂದ ಕೆಳಗಿಡದ ಹೆಂಗಸು, ಸ್ನಾನಕ್ಕೆ ಹೋದರೂ ಕಿಟಕಿಯ ಮೇಲಿಟ್ಟುಕೊಳ್ಳುವ ಹೆಂಗಸು. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಎತ್ತಿ ಅತ್ತೆ, ಬೈಯಲಾದರೂ ಎತ್ತಿ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಕೇಕಿನ ಹುಡುಗಿಯ ಫೋನಿಗೆ ಮಾಡಿದೆ. ಅದು ರಿಂಗಾಗಲೇ ಇಲ್ಲ.

“ಬಾಗಿಲು ತೆಗಿ,” ಎಂದೆ. ಸ್ಟುಡಿಯೋದವನ ಕೈ ಚಿಲಕದ ಮೇಲೆ ತಡಕಾಡುತ್ತಿತ್ತು.

ಆಗ ನನ್ನ ಫೋನು ಒಮ್ಮೆ ಗುಂಯ್‌ಗುಟ್ಟಿತು. ಕೇಕಿನ ಪೇಜಿನಲ್ಲಿ ಹೊಸ ಫೋಟೋ. ಬೆಳಿಗ್ಗೆ ಅರ್ಧ ಆಗಿದ್ದ ಕೇಕು ಈಗ ಪೂರ್ತಿಯಾಗಿತ್ತು, ಸುತ್ತ ನೀಲಿ ಹೂ. ಹಿಂದೆ ಫ್ರಿಜ್ಜು ಕಾಣುತ್ತಿತ್ತು. ಅದರ ಪಕ್ಕದ ಸ್ಟೂಲಿನ ಮೇಲೆ ಯಾರೂ ಇರಲಿಲ್ಲ.

ಕೆಳಗೆ ಒಂದೇ ಕಾಮೆಂಟು. ಬರೆದವರ ಹೆಸರಿನ ಪಕ್ಕ ಅತ್ತೆಯದೇ ಪುಟ್ಟ ಫೋಟೋ, ಅದೇ ಓರೆ ಕನ್ನಡಕ. ಹೋದ ಜೀವ ಬಂದ ಹಾಗಾಯಿತು. ಫೋನು ಕೈಯಲ್ಲೇ ಇದೆಯಲ್ಲ, ನನ್ನ ಕರೆ ಎತ್ತದೆ ಉಪದೇಶ ಬರೆಯುತ್ತಾ ಕೂತಿದ್ದಾರೆ ಎಂದು ರೇಗಿಕೊಂಡೇ ಕಾಮೆಂಟು ಓದಿದೆ.

ಮಗಳೇ ಎಂದಿರಲಿಲ್ಲ. ಸಕ್ಕರೆಯ ಸುದ್ದಿ ಇರಲಿಲ್ಲ. ಎಪ್ಪತ್ತು ದಾಟಿದ ನಮ್ಮ ಅತ್ತೆ, ಮೊಮ್ಮಗಳ ವಯಸ್ಸಿನ ಆ ಹುಡುಗಿಗೆ ಎರಡೇ ಎರಡು ಪದ ಬರೆದಿದ್ದರು.

‘ಸೂಪರ್ ಅಕ್ಕ.’